ಹಿಪ್ಪುನೇರಳೆಯ ಹಳೆಯ ಬೊಡ್ಡೆಗಳು

ಗುಲಾಬಿಯನ್ನು ಚಳಿಗಾಲ ಮುಗಿಯುವ ಮುನ್ನ ಸವರಬೇಕೆಂಬುದು ಇಂಗ್ಲಿಷಿನ ತೋಟಗಾರಿಕೆಯ ಪುಸ್ತಕಗಳು ನಮಗೆ ಕಲಿಸಿದ ಪಾಠ. ಆ ಪುಸ್ತಕಗಳು ಹುಟ್ಟಿದ ದೇಶದಲ್ಲಿ ಅದು ಸರಿಯಾದ ಮಾತೇ. ಅಲ್ಲಿ ಹಿಮ ಬೀಳುತ್ತದೆ, ಎಲೆ ಉದುರುತ್ತದೆ, ಗಿಡ ನಿದ್ರೆ ಹೋಗುತ್ತದೆ. ನಿದ್ರಿಸುವ ಗಿಡಕ್ಕೆ ಕತ್ತರಿ ತಾಗಿದರೆ ನಷ್ಟ ಕಡಮೆ. ಬೆಂಗಳೂರಿನ ಸುತ್ತಿನ ಎತ್ತರದ ನಾಡಿನಲ್ಲಿ ಅಂಥ ಚಳಿಗಾಲವೇ ಇಲ್ಲ. ಆದಕಾರಣ ಇಲ್ಲಿನ ತೋಟಗಾರರು ಮಳೆಯ ಲೆಕ್ಕ ಹಿಡಿದು ಜೂನ್ ತಿಂಗಳಲ್ಲೊಮ್ಮೆ, ಮಳೆ ಹಿಂದೆಗೆದ ಮೇಲೆ ನವೆಂಬರಿನ ಸುಮಾರಿಗೆ ಇನ್ನೊಮ್ಮೆ ಸವರುವುದನ್ನು ರೂಢಿ ಮಾಡಿಕೊಂಡರು. ಚಳಿ ಕೊಡದ ವಿಶ್ರಾಂತಿಯನ್ನು ಕತ್ತರಿಯಿಂದ ಕೊಡಿಸುವ ಉಪಾಯವಿದು.

ಈ ಉಪಾಯದ ಮೇಲೆಯೇ ತಲೆಮಾರುಗಳ ಬದುಕು ನಿಂತಿರುವ ಸೀಮೆಯೊಂದು ನಮ್ಮ ಪಕ್ಕದಲ್ಲಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಅದು. ಗಿಡ ಮಾತ್ರ ಬೇರೆ. ಗುಲಾಬಿಯಲ್ಲ, ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆ. ಮುಳ್ಳಿನಲ್ಲಾಗಲಿ ಹೂವಿನಲ್ಲಾಗಲಿ ಇವೆರಡಕ್ಕೆ ಹೋಲಿಕೆ ಕಾಣದಿದ್ದರೂ ಇಂದಿನ ಸಸ್ಯವಿಜ್ಞಾನಿಗಳು ಎರಡನ್ನೂ ಒಂದೇ ಗಣಕ್ಕೆ ಸೇರಿಸಿದ್ದಾರೆ. ದೂರದ ನೆಂಟರೆನ್ನಬಹುದು.

ಮೈಸೂರು ಸೀಮೆಯ ರೇಷ್ಮೆಯ ಕಥೆಯನ್ನು ಟಿಪ್ಪು ಸುಲ್ತಾನನಿಂದ ಆರಂಭಿಸುವುದು ವಾಡಿಕೆ. 1786ರ ಸೆಪ್ಟೆಂಬರಿನಲ್ಲಿ ಆತ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರವೊಂದು ಕರ್ಕ್‌ಪ್ಯಾಟ್ರಿಕನ ಇಂಗ್ಲಿಷ್ ಅನುವಾದದಲ್ಲಿ, 1811ರಲ್ಲಿ ಅಚ್ಚಾಯಿತು. ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ. ಅವರು ಬಂದೊಡನೆ ಹುಳುಗಳಿಗೆ ತಕ್ಕ ಜಾಗ ಯಾವುದೆಂದು ಕೇಳಿ ತಿಳಿಯಬೇಕು. ಮೊದಲೇ ನೆಡಲು ಅಪ್ಪಣೆಯಾಗಿದ್ದ ಹಿಪ್ಪುನೇರಳೆಯ ಸೊಪ್ಪನ್ನು ಒದಗಿಸಬೇಕು. ಎಷ್ಟು ಹುಳು ಬಂದವೆಂದು ವರದಿ ಕಳುಹಿಸಬೇಕು. ಇದು ಪತ್ರದ ಸಾರ. ಇದರಲ್ಲಿ ನನ್ನ ಗಮನ ಸೆಳೆಯುವುದು ‘ಮೊದಲೇ’ ಎಂಬ ಮಾತು. ಹುಳು ಬರುವ ಮುನ್ನ ಗಿಡ ಬಂದಿತ್ತು. ಆದರೂ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹುಳುವಿಗೆ, ನೂಲಿಗೆ, ಸೀರೆಗೆ ಸಿಕ್ಕ ಸ್ಥಳ ಗಿಡಕ್ಕೆ ಸಿಕ್ಕಿಲ್ಲ.

ಇಟಲಿಯಲ್ಲಿ ಹಿಪ್ಪುನೇರಳೆ ಹೊಲದ ಅಂಚಿನ ದೊಡ್ಡ ಮರ. ಅಲ್ಲಿನ ಹುಳು ವಸಂತದಲ್ಲಿ ಒಮ್ಮೆ ಎದ್ದು, ಗೂಡು ಕಟ್ಟಿ, ಮೊಟ್ಟೆಯಾಗಿ ಮುಂದಿನ ವಸಂತದವರೆಗೆ ಮಲಗುವಂಥದು. ನಮ್ಮ ಮೈಸೂರು ತಳಿಗೆ ಆ ನಿದ್ರೆಯಿಲ್ಲ. ಮೊಟ್ಟೆ ಹತ್ತು ಹನ್ನೆರಡು ದಿನಗಳಲ್ಲಿ ಒಡೆದು ಮತ್ತೆ ಸೊಪ್ಪು ಕೇಳುತ್ತದೆ. ಹೀಗೆ ಸದಾ ಹಸಿದ ಹುಳುವಿಗೆ, ತುಂಡು ಹೊಲದ ರೈತನಿಗೆ, ನಿಂತು ಸೊಪ್ಪು ಬಿಡಿಸುವ ಹೆಣ್ಣುಮಕ್ಕಳ ಕೈಗೆ ಎಟುಕುವಂತೆ ಗಿಡ ಇಲ್ಲಿ ಪೊದೆಯಾಯಿತು. ಪೊದೆಯನ್ನು ಪೊದೆಯಾಗಿ ಉಳಿಸುವುದು ಕುಡುಗೋಲಿನ ಕೆಲಸ.

ಮಳೆಯನ್ನೇ ನಂಬಿದ ತೋಟದಲ್ಲಿ ಆ ಕೆಲಸಕ್ಕೊಂದು ಕಾಲವಿತ್ತು. ಸಂಕ್ರಾಂತಿ ಕಳೆದು ನೆಲ ಒಣಗುತ್ತ ಬಂದಂತೆ ಚಿಗುರು ನಿಲ್ಲುತ್ತದೆ, ಎಲೆ ಒರಟಾಗುತ್ತದೆ. ಈ ನಾಡಿನ ಗಿಡಕ್ಕೆ ಬೇಸಿಗೆಯೇ ಚಳಿಗಾಲ. ಮುಂಗಾರು ಹಿಡಿದ ಮೇಲೆ, ಮೃಗಶಿರೆ ಆರಿದ್ರೆಗಳ ಹದ ನೋಡಿ, ನೆಲದಿಂದ ಅರ್ಧ ಗೇಣು ಬಿಟ್ಟು ಇಡೀ ಪೊದೆಯನ್ನು ಕತ್ತರಿಸುತ್ತಾರೆ. ಇದು ಬುಡ ಕಟಾವು. ಬೇರಿನಲ್ಲೂ ಬೊಡ್ಡೆಯಲ್ಲೂ ಗಿಡ ಕೂಡಿಟ್ಟ ಹಿಟ್ಟಿನಂಶವೇ ಆಗ ಬಂಡವಾಳ. ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಅದನ್ನುಂಡು ಒಡೆಯುತ್ತವೆ. ಕುಡುಗೋಲು ಮೊಂಡಾಗಿದ್ದರೆ ತೊಗಟೆ ಸೀಳುತ್ತದೆ, ಸೀಳಿನಲ್ಲಿ ನೀರು ನಿಂತು ಬೊಡ್ಡೆ ಕೊಳೆಯುತ್ತದೆ. ಕತ್ತರಿಸಿದ ಕಡ್ಡಿ ವ್ಯರ್ಥವಲ್ಲ. ಬಲಿತ, ಪೆನ್ಸಿಲಿನಷ್ಟು ದಪ್ಪದ ಭಾಗವನ್ನು ಮೂರು ನಾಲ್ಕು ಕಣ್ಣಿಗೊಂದರಂತೆ ತುಂಡರಿಸಿ ಹೊಸ ತೋಟಕ್ಕೆ ನೆಡುತ್ತಾರೆ, ಉಳಿದದ್ದು ಒಲೆಗೆ. ಮಿಕ್ಕ ದಿನಗಳಲ್ಲಿ ಗಿಡವನ್ನು ಕತ್ತರಿಸದೆ ಎಲೆಯನ್ನಷ್ಟೇ ಬಿಡಿಸುವುದು ಹಿಂದಿನ ಕ್ರಮ.

ಕನ್ನಡದ ಮೇಷ್ಟ್ರಿಗೆ ಇಲ್ಲಿ ಒಂದು ಅಡ್ಡಮಾತಿಗೆ ಅವಕಾಶವಿರಲಿ. ‘ರೇಷ್ಮೆ’ ಪಾರಸಿಯಿಂದ ಬಂದದ್ದು. ‘ಪಟ್ಟೆ’ ನಮ್ಮಲ್ಲಿ ಹಳೆಯದು. ಆದರೆ ಸಾಕಣೆಯ ಮನೆಯೊಳಗಿನ ಮಾತೆಲ್ಲ ಅಚ್ಚ ಬಳಕೆಯದು. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಮಲಗಿದರೆ ಅದಕ್ಕೆ ‘ಜ್ವರ’. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು. ಗೂಡು ಕಟ್ಟಲು ಸಿದ್ಧವಾದದ್ದು ‘ಹಣ್ಣು ಹುಳು’. ಬಾಣಂತಿಯ ಮನೆಯನ್ನೂ ಹಣ್ಣಿನ ಗಿಡವನ್ನೂ ಕಂಡವರೇ ಇಟ್ಟಿರಬೇಕಾದ ಹೆಸರುಗಳು.

ಹತ್ತೊಂಬತ್ತನೆಯ ಶತಮಾನದ ನಡುವೆ ರೋಗ ಹೊಕ್ಕು ಹುಳು ಸಾಯತೊಡಗಿದಾಗ, 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ನೋಡಿದ. ಅದು ನೆಲೆಗೊಳ್ಳಲಿಲ್ಲ. ಆ ಶತಮಾನದ ಕೊನೆಗೆ ಜಮ್‌ಷೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿದೆ, ಗಿಡವಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಬಂದರು, ಚನ್ನಪಟ್ಟಣದಲ್ಲಿ ಸರಕಾರಿ ರೇಷ್ಮೆ ಕ್ಷೇತ್ರ ತೆರೆಯಿತು. ಮುಂದೆ ಮಿಶ್ರತಳಿ ಬಂತು: ತಾಯಿ ನಮ್ಮ ಮೈಸೂರು ತಳಿ, ತಂದೆ ಚಳಿದೇಶದ್ದು. ಆ ತಂದೆಯ ಮೊಟ್ಟೆಗಳು ಚಳಿಯಿಲ್ಲದೆ ಸರಿಯಾಗಿ ಒಡೆಯುವುದಿಲ್ಲವಾದ್ದರಿಂದ ಅವುಗಳಿಗೆ ಶೀತಲಗೃಹದಲ್ಲಿ ಕೃತಕ ಚಳಿಗಾಲ ಕೊಡಿಸುತ್ತಾರೆ.

ಗಿಡಕ್ಕೆ ಆದದ್ದು ಇದರ ತಿರುವುಮುರುವು. 1946ರಲ್ಲಿ ಕಣ್ವ ಜಲಾಶಯವಾಯಿತು, ಬಾವಿಗಳಾದವು, ಕೊಳವೆಬಾವಿಗಳಾದವು. ಕಣ್ವದ ಕ್ಷೇತ್ರದಲ್ಲಿ ನಾಡತಳಿಯ ಸಸಿಗಳಿಂದಲೇ ಆಯ್ದ ‘ಕಣ್ವ-2’ ಹರಡಿತು. 1997ರಲ್ಲಿ ಮೈಸೂರಿನ ಕೇಂದ್ರ ಸಂಶೋಧನಾ ಸಂಸ್ಥೆಯಿಂದ ‘ವಿ-1’ ಬಂತು. ನೀರು ಗೊಬ್ಬರ ಕೊಟ್ಟರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ನಿನ ಆಸುಪಾಸು ಸೊಪ್ಪು ಕೊಡುವ ತಳಿ. ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕತ್ತರಿಸಿ ಹುಳುವಿನ ಮೇಲೆ ಹರಡುವ ಪದ್ಧತಿಯೂ ಬಂತು. ಸುಮಾರು 70 ದಿನಕ್ಕೊಂದು ಬೆಳೆ, ವರ್ಷಕ್ಕೆ ಐದು ಬೆಳೆ, ಐದು ಕಟಾವು. ನಮ್ಮ ನುಡಿಯಲ್ಲಿ ಕಟಾವು ಎಂದರೆ ಕೊಯ್ಲೂ ಹೌದು, ಸವರುವುದೂ ಹೌದು. ಹಿಂದೆ ಇವೆರಡೂ ಬೇರೆ ಬೇರೆ ದಿನದ ಕೆಲಸಗಳಾಗಿದ್ದುವು. ಈಗ ಒಂದೇ ಏಟು. ಗಿಡದ ಆರೈಕೆಗೆಂದು ಕುಡುಗೋಲು ಹಿಡಿಯುವ ದಿನವೇ ಪಂಚಾಂಗದಿಂದ ಬಿದ್ದುಹೋಯಿತು.

ರೈತನನ್ನು ದೂರುವವನು ನಾನಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಕಾದು ನಿಂತವನಿಗೆ ಒಂದು ಕಟಾವಿನ ಬೊಡ್ಡೆಯ ಸೊಬಗನ್ನು ಬೋಧಿಸುವುದು ಕುಹಕವಾದೀತು. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ. ಸದಾ ತೇವವಿರುವ ತೋಟದಲ್ಲಿ ಬೇರು ಗಂಟು ಹುಳುವೂ ಬೇರು ಕೊಳೆಯೂ ಹೆಚ್ಚು. ಬಂಡವಾಳ ಕೂಡಿಡಲು ಬಿಡುವಿಲ್ಲದ ಬೊಡ್ಡೆ ಬೇಗ ಸೊರಗುತ್ತದೆ, ತೋಟವನ್ನು ಕಿತ್ತು ಮತ್ತೆ ನೆಡಬೇಕಾಗುತ್ತದೆ. ಇತ್ತ ಮಿಶ್ರತಳಿಗೆ ತಾಯಿಯಾದ ಮೈಸೂರು ಹುಳುವಿನ ಬಿತ್ತನೆ ಗೂಡು ಬೆಳೆಯುವುದು ಮಾಗಡಿ ಮತ್ತು ಅದರ ನೆರೆಯ ಕುಣಿಗಲ್ ಸೀಮೆಗಳಲ್ಲಿ. ಹಸಿರು ಬೆರೆತ ಹಳದಿಯ, ಮೊನೆಯುಳ್ಳ ಸಣ್ಣ ಗೂಡು ಅದು. ಕಡಮೆ ನೀರಿನ ಹಳೆಯ ತೋಟಗಳಿಗೆ ಒಗ್ಗಿ ಬಂದ ಹುಳು. ಅಲ್ಲಿಯೂ ಇಂದು ಮಾವು ತೆಂಗುಗಳು ಹೊಲ ಹಿಡಿಯುತ್ತಿವೆ, ನಿವೇಶನದ ಕಲ್ಲುಗಳು ಅವುಗಳ ಬೆನ್ನಿಗಿವೆ.

ಮಾಗಡಿಯ ಕಡೆ ನಾನು ನೋಡಿದ ಕೆಲವು ಬೊಡ್ಡೆಗಳು ತೊಡೆಯಷ್ಟು ದಪ್ಪ. ವರ್ಷ ವರ್ಷದ ಕಟಾವು ಗಂಟುಗಂಟಾಗಿ ಮಾಗಿ, ಮುಷ್ಟಿಗಳನ್ನು ಒತ್ತಿ ಜೋಡಿಸಿದಂತೆ ಕಾಣುತ್ತವೆ. ಹೊಲದೊಡತಿ ವಯಸ್ಸನ್ನು ಹೇಳಲಿಲ್ಲ. ತಾನು ಸೊಸೆಯಾಗಿ ಬಂದಾಗಲೇ ಇದ್ದುವು ಎಂದರು. ಆರಿದ್ರೆಯ ಮೊದಲ ಹನಿ ಬಿದ್ದು ನಾಲ್ಕು ದಿನವಾಗಿತ್ತು. ಪೊದೆಗಳನ್ನು ಸವರಿದ್ದರು, ಗಂಟುಗಳ ಮೇಲೆ ಇನ್ನೂ ಕಣ್ಣು ಒಡೆದಿರಲಿಲ್ಲ.