ಉಪಕೇಂದ್ರದ ಬ್ಯಾಟರಿ ಕೋಣೆ

ಶಿವನಸಮುದ್ರದಲ್ಲಿ ಕಾವೇರಿಯ ಜಲಬಲದಿಂದ ಹುಟ್ಟಿದ ವಿದ್ಯುಚ್ಛಕ್ತಿಯು 1902ರ ಜೂನ್ ತಿಂಗಳಿನಲ್ಲಿ ಸುಮಾರು 92 ಮೈಲಿಗಳ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ವೃತ್ತಾಂತವನ್ನು ನಮ್ಮ ಶಾಲಾಬಾಲಕರೂ ಬಲ್ಲರು. ದಿವಾನ್ ಶೇಷಾದ್ರಿ ಅಯ್ಯರರ ದೂರದೃಷ್ಟಿಯನ್ನು ಕೊಂಡಾಡಿದ ಲೇಖನಗಳಿಗೂ ಕೊರತೆಯಿಲ್ಲ. ಆದರೆ ಅದೇ ನದಿಯ ಭರಚುಕ್ಕಿ ಜಲಪಾತವನ್ನು ತನ್ನ ಎಲ್ಲೆಯೊಳಗೆ ಇರಿಸಿಕೊಂಡಿರುವ ಚಾಮರಾಜನಗರ ಸೀಮೆಯಲ್ಲಿ, ತರುವಾಯದ ದಶಕಗಳಲ್ಲಿ ಎದ್ದುನಿಂತ ಉಪಕೇಂದ್ರಗಳೊಳಗೆ ಸೀಸದ ಫಲಕಗಳನ್ನೂ ಗಂಧಕಾಮ್ಲವನ್ನೂ ಕಾಯುತ್ತ ಬಂದವರ ಕಾಯಕಕ್ಕೆ ಚರಿತ್ರಕಾರರು ಒಂದು ಪುಟವನ್ನಾದರೂ ಮೀಸಲಿಟ್ಟುದನ್ನು ನಾನು ಕಾಣೆ.

ಸಾವಿರಾರು ವೋಲ್ಟುಗಳ ವಿದ್ಯುತ್ತು ಹಗಲಿರುಳು ಹರಿಯುವ ಸ್ಥಳದಲ್ಲಿ 110 ವೋಲ್ಟಿನ ಬ್ಯಾಟರಿಯ ಆವಶ್ಯಕತೆಯಾದರೂ ಏನೆಂದು ಹೊರಗಿನವರು ಕೇಳುವುದುಂಟು. ಆದಿಯಲ್ಲಿ ಮನುಷ್ಯನೇ ಹಿಡಿಕೆಯನ್ನೆಳೆದು ಸ್ವಿಚ್ಚನ್ನು ತೆರೆಯುತ್ತಿದ್ದನು. ದೋಷವನ್ನು ತಾನಾಗಿ ಗುರುತಿಸುವ ರಿಲೇಯೂ ಅದರ ಆಜ್ಞೆಯಂತೆ ತೆರೆದುಕೊಳ್ಳುವ ಸರ್ಕ್ಯೂಟ್ ಬ್ರೇಕರೂ ಬಂದ ಮೇಲೆ, ಆ ಆಜ್ಞೆಯನ್ನು ಒಯ್ಯಲು ಎಂದಿಗೂ ಕೈಕೊಡದ ಶಕ್ತಿಮೂಲವೊಂದು ಬೇಕಾಯಿತು. ಗುಂಡ್ಲುಪೇಟೆಯ ಕಡೆ ಬೇಸಗೆಯ ಗಾಳಿಮಳೆಗೆ ಮರದ ಕೊಂಬೆಯೊಂದು ಪಂಪ್‌ಸೆಟ್ಟುಗಳ ಫೀಡರಿನ ಮೇಲೆ ಮುರಿದುಬಿದ್ದಿತೆನ್ನಿ. ಆ ಕ್ಷಣದಲ್ಲಿ ಲೈನಿನ ವೋಲ್ಟೇಜೇ ಕುಸಿಯುವುದರಿಂದ, ಬ್ರೇಕರನ್ನು ತೆರೆಯುವ ಬಲವನ್ನು ಆ ಲೈನಿನಿಂದಲೇ ಬೇಡುವುದು ಮುಳುಗುವವನ ಕೈಯಿಂದ ಹಗ್ಗವನ್ನು ನಿರೀಕ್ಷಿಸಿದಂತೆ. ಬ್ಯಾಟರಿಯ ಡಿಸಿ ಪ್ರವಾಹವು ಬ್ರೇಕರನ್ನು ತೆರೆಸುವ ಟ್ರಿಪ್ ಕಾಯಿಲಿಗೆ ಹರಿದರೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟರಲ್ಲಿ ಬ್ರೇಕರು ತೆರೆದುಕೊಳ್ಳುವುದು. ಹರಿಯದಿದ್ದರೆ ಕಡಿದ ತಂತಿಯು ಅರಿಶಿನದ ಹೊಲದಲ್ಲಿ ವಿದ್ಯುತ್ತನ್ನು ಹೊತ್ತೇ ಬಿದ್ದಿರುವುದು, ಅಥವಾ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುವುದು.

ಈ ಉಪಕೇಂದ್ರಗಳ ಒಡೆತನವು ಕಾಲಕಾಲಕ್ಕೆ ಬದಲಾಯಿತು: ಮೈಸೂರು ಸರ್ಕಾರದ ವಿದ್ಯುತ್ ಇಲಾಖೆಯ ತರುವಾಯ 1957ರಲ್ಲಿ ವಿದ್ಯುತ್ ಮಂಡಲಿಯೂ, 1999ರಲ್ಲಿ ಪ್ರಸರಣ ನಿಗಮವೂ, ಆಮೇಲೆ ವಿತರಣೆಗೆಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೂ ಬಂದವು. ನಡುವೆ 1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಜನರ ಬಾಯಲ್ಲಿ ಮಾತ್ರ ಎಲ್ಲವೂ ಇಂದಿಗೂ ಆ ಹಳೆಯ ಮಂಡಲಿಯ ಹೆಸರಾದ ‘ಕೆಇಬಿ’ಯೇ.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಕೋಶವೇ ಈ ಉಪಕೇಂದ್ರಗಳ ಬ್ಯಾಟರಿ ಕೋಣೆಗಳ ಮೂಲಪುರುಷ. ಎರಡೆರಡು ವೋಲ್ಟಿನ 55 ಕೋಶಗಳನ್ನು ಸಾಲಾಗಿ ಜೋಡಿಸಿದರೆ 110 ವೋಲ್ಟು. ಶಿಫ್ಟಿನ ಆಪರೇಟರು ಹೈಡ್ರೋಮೀಟರಿನ ರಬ್ಬರು ಬುರುಡೆಯನ್ನು ಹಿಸುಕಿ ಕೋಶದ ಆಮ್ಲವನ್ನು ಗಾಜಿನ ನಳಿಗೆಯೊಳಕ್ಕೆ ಹೀರಿ, ತೇಲುಗಡ್ಡಿಯು ಓಲಾಡುವುದನ್ನು ನಿಲ್ಲಿಸುವವರೆಗೆ ಕಾದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುವನು: 27 ಡಿಗ್ರಿ ಉಷ್ಣತೆಯಲ್ಲಿ ಸಾಂದ್ರತೆಯು 1200ರ ಆಸುಪಾಸಿನಲ್ಲಿದ್ದರೆ ಕೋಶವು ಪೂರ್ಣವಾಗಿ ತುಂಬಿದೆಯೆಂದರ್ಥ. ಕೊಳವೆಬಾವಿಯ ಗಡಸು ನೀರಿನ ಲವಣಗಳು ಫಲಕಗಳಿಗೆ ವಿಷಪ್ರಾಯವಾದುದರಿಂದ ಡಿಸ್ಟಿಲ್ಡ್ ವಾಟರನ್ನೇ ಹಾಕತಕ್ಕದ್ದು. ಆಮ್ಲವನ್ನು ಹದಮಾಡುವಾಗ ನೀರಿಗೆ ಆಮ್ಲವನ್ನು ಸುರಿಯಬೇಕಲ್ಲದೆ ಆಮ್ಲಕ್ಕೆ ನೀರನ್ನು ಸುರಿಯಲಾಗದು. ಟರ್ಮಿನಲ್ಲುಗಳ ಮೇಲೆ ಬೆಳೆದ ಕಿಲುಬನ್ನು ಒರಸಿ ತೆಳ್ಳಗೆ ವ್ಯಾಸಲೀನು ಬಳಿಯಬೇಕು. ಚಾರ್ಜಿನ ವೇಳೆ ಜಲಜನಕವು ಹೊರಡುವುದರಿಂದ ಬೀಡಿಗೆ ಅಲ್ಲಿ ಪ್ರವೇಶವಿಲ್ಲ. ಖಾಕಿ ಅಂಗಿಯ ಮೇಲೆ ಆಮ್ಲದ ಹನಿಗಳು ಕೊರೆದ ಸಣ್ಣ ತೂತುಗಳೇ ಈ ಕೆಲಸದವರ ಗುರುತಾಗಿದ್ದವು.

ಇಷ್ಟಾದರೂ ನಿತ್ಯದ ಓದಿಕೆಯೊಂದರಿಂದಲೇ ಬ್ಯಾಟರಿಯ ಸತ್ತ್ವವು ತಿಳಿಯದು, ಏಕೆಂದರೆ ಚಾರ್ಜರು ಜೋಡಿಸಿರುವವರೆಗೆ ಮುದಿ ಕೋಶವೂ 2.2 ವೋಲ್ಟಿನಷ್ಟು ತೋರಿಸಿ ನೋಡುವವನನ್ನು ವಂಚಿಸಬಲ್ಲದು. ಆದುದರಿಂದಲೇ ಡಿಸ್ಚಾರ್ಜ್ ಪರೀಕ್ಷೆಯು ಹುಟ್ಟಿತು: 200 ಆಂಪಿಯರ್-ಅವರಿನ ಬ್ಯಾಟರಿಯಾದರೆ ಚಾರ್ಜರನ್ನು ಬೇರ್ಪಡಿಸಿ, 20 ಆಂಪಿಯರುಗಳಂತೆ ಹತ್ತು ಗಂಟೆಗಳ ಕಾಲ ಹೊರೆ ಹೊರಿಸಿ, ಗಂಟೆಗೊಮ್ಮೆ ಪ್ರತಿ ಕೋಶದ ವೋಲ್ಟೇಜನ್ನೂ ಅಳೆದು, ಯಾವುದು ವೇಳೆಗೆ ಮುಂಚೆ 1.85ಕ್ಕೆ ಇಳಿಯುವುದೋ ಅದನ್ನು ಗುರುತಿಸುವುದು. ಸಾಲಿನಲ್ಲಿ ಒಂದು ಕೋಶದ ಒಳಸಂಪರ್ಕ ಕಡಿದರೂ ಉಳಿದ 54ರ ಶಕ್ತಿ ನಿರರ್ಥಕ. ಬೇಸರದ ಕೆಲಸವಿದು, ಬೇಸರದ್ದಾದುದರಿಂದಲೇ ಮುಂದೂಡಲ್ಪಡುವಂಥದು.

ಈಚೆಗೆ ನೀರು ಬೇಡದ, ಮುಚ್ಚಿದ ಕೋಶಗಳು ಬಂದು ಹೈಡ್ರೋಮೀಟರಿಗೆ ಕೆಲಸ ತಪ್ಪಿಸಿವೆ. ಅವನ್ನು ‘ನಿರ್ವಹಣೆ ಬೇಡದ ಬ್ಯಾಟರಿ’ ಎಂದು ಮಾರುವ ಮಾತನ್ನು ನಾನು ಒಪ್ಪಲಾರೆ. ಉಷ್ಣತೆಯು ಹತ್ತು ಡಿಗ್ರಿಯಷ್ಟು ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದು; ಚಾಮರಾಜನಗರದ ಏಪ್ರಿಲ್ ಬಿಸಿಲು ಅವುಗಳಿಗೆ ರಿಯಾಯಿತಿ ತೋರದು. ಒಳಗಿನ ಆಮ್ಲವನ್ನು ನೋಡುವ ದಾರಿಯೂ ಮುಚ್ಚಿರುವಾಗ ಹಳೆಯ ಹತ್ತು ಗಂಟೆಗಳ ಪರೀಕ್ಷೆಯ ಬೆಲೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅದಕ್ಕೆ ಒಡ್ಡದ ಬ್ಯಾಟರಿಯನ್ನು ಸುಸ್ಥಿತಿಯಲ್ಲಿದೆಯೆಂದು ಲಾಗ್‌ಬುಕ್ಕಿನಲ್ಲಿ ಬರೆಯುವ ಅಧಿಕಾರವು ಯಾರಿಗೂ ಇಲ್ಲವೆಂಬುದು ನನ್ನ ಮತ.