ಕೀಲೆಣ್ಣೆಯಿಂದ ಹೈಬ್ರಿಡ್‌ವರೆಗೆ: ಪುಣೆಯಲ್ಲಿ ಎಂಜಿನ್ ಎಣ್ಣೆಯ ಕಾಲಮಾನ

ಯಂತ್ರಕ್ಕೆ ಎಣ್ಣೆಯನ್ನು ಯಾವಾಗ ಹಾಕಬೇಕು, ಹಾಕಿದ ಎಣ್ಣೆಯನ್ನು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ಒಂದೊಂದು ಅಳತೆಗೋಲಿನಿಂದ ಉತ್ತರ ಕಂಡುಕೊಂಡಿದೆ. ಎತ್ತಿನ ಗಾಡಿಯ ಕಾಲದಲ್ಲಿ ಆ ಅಳತೆಗೋಲು ಗಾಡಿ ಹೊಡೆಯುವವನ ಕಿವಿಯಾಗಿತ್ತು. ನೀರೆತ್ತುವ ಎಂಜಿನ್ನಿನ ಕಾಲದಲ್ಲಿ ಅದು ಗಂಟೆಯಾಯಿತು, ಸ್ಕೂಟರಿನ ಕಾಲದಲ್ಲಿ ಲೀಟರಾಯಿತು, ಕಾರಿನ ಕಾಲದಲ್ಲಿ ಕಿಲೋಮೀಟರಾಯಿತು. ಗಂಟೆ, ಲೀಟರು, ಕಿಲೋಮೀಟರು ಎಂಬ ಈ ಮೂರು ಯಂತ್ರಯುಗದ ಅಳತೆಗಳು ಒಂದರ ಮೇಲೊಂದು ಪದರವಾಗಿ ಕೂತಿರುವ ನಗರಗಳಲ್ಲಿ ಪುಣೆ ಮುಖ್ಯವಾದುದು. ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊತ್ತು, ಸಂದರ್ಭಕ್ಕೆ ತಕ್ಕಂತೆ ಒಂದರಿಂದ ಅಥವಾ ಎರಡರಿಂದಲೂ ಚಲಿಸುವ ಹೈಬ್ರಿಡ್ ಕಾರು ಬಂದ ಮೇಲೆ ಕಿಲೋಮೀಟರಿನ ಲೆಕ್ಕವೊಂದೇ ಸಾಲದಾಗಿದೆ; ಈ ಹೊಸ ಕಾರಿನ ಎಣ್ಣೆಯನ್ನು ಯಾವಾಗ ಬದಲಿಸಬೇಕೆಂದು ತಿಳಿಯಲು ಹಳೆಯ ಅಳತೆಗಳ ಚರಿತ್ರೆಯನ್ನೇ ಮತ್ತೆ ಓದಬೇಕಾಗುತ್ತದೆ.

ಎಂಜಿನ್ನು ಬರುವುದಕ್ಕೆ ಮುಂಚೆ ಕನ್ನಡದಲ್ಲಿ ಕೀಲೆಣ್ಣೆ ಎಂಬ ಮಾತಿತ್ತು. ಗಾಡಿಯ ಅಚ್ಚು ಮತ್ತು ಗಾಲಿಯ ಗುಂಬ ಒಂದನ್ನೊಂದು ತಿನ್ನದಂತೆ ನಡುವೆ ಸವರುವ ಜಿಡ್ಡಿಗೆ ಆ ಹೆಸರು. ಹರಳೆಣ್ಣೆ ದಪ್ಪವಾಗಿದ್ದು, ಬಿಸಿಯಾದರೂ ಬೇಗ ತೆಳುವಾಗದೆ ಲೋಹಕ್ಕೆ ಅಂಟಿಕೊಳ್ಳುವುದರಿಂದ ಇಂಥ ಕೆಲಸಕ್ಕೆ ಒದಗಿಬರುತ್ತಿತ್ತು, ಮತ್ತು ಗಾಲಿ ಕಿರುಗುಟ್ಟಿದಾಗ ಎಣ್ಣೆ ತೀರಿತೆಂದು ತಿಳಿಯುತ್ತಿತ್ತು. ಈ ಗುಣವನ್ನು ಎಂಜಿನ್ ತಯಾರಕರೂ ಮರೆಯಲಿಲ್ಲ: ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು 1909ರಲ್ಲಿ ಖನಿಜ ತೈಲಕ್ಕೆ ಹರಳೆಣ್ಣೆಯನ್ನು ಬೆರೆಸಿ ಹೊರತಂದ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು, ಆ ಹೆಸರಿನೊಳಗೆ ಹರಳೆಣ್ಣೆಯ ಇಂಗ್ಲಿಷ್ ಹೆಸರೇ ಅಡಗಿದೆ. ಆದರೆ ಎಂಜಿನ್ನಿನ ಒಳಗೆ ಕಿವಿಯ ಅಳತೆ ನಡೆಯುವುದಿಲ್ಲ, ಏಕೆಂದರೆ ಎಣ್ಣೆ ಕೆಟ್ಟ ಸದ್ದು ಹೊರಗೆ ಕೇಳಿಸುವ ಹೊತ್ತಿಗೆ ಒಳಗಿನ ಲೋಹ ಸವೆದುಹೋಗಿರುತ್ತದೆ. ಆದುದರಿಂದ ಕೆಡುವುದಕ್ಕೆ ಮೊದಲೇ ಎಣ್ಣೆಯ ವಯಸ್ಸನ್ನು ಎಣಿಸುವ ಬೇರೊಂದು ದಾರಿ ಬೇಕಾಯಿತು.

ಪುಣೆಯಲ್ಲಿ ಆ ದಾರಿ ತೆರೆದ ಚರಿತ್ರೆ ಬೆಳಗಾವಿ ಜಿಲ್ಲೆಯಿಂದ ಆರಂಭವಾಗುತ್ತದೆ. ಆ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಮುಂಬೈಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿ, ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ವ್ಯಾಪಾರ ನಡೆಸಿ, ಮುಂದೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿದರು. ಬೆಳಗಾವಿಯಲ್ಲಿದ್ದ ಜಾಗ ಕೈತಪ್ಪಿದಾಗ ಔಂಧ್ ಸಂಸ್ಥಾನದ ಅರಸರು ಕೊಟ್ಟ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರನ್ನು ಕಟ್ಟಿದರು. ಅವರ ಮಗ ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ ಬಂದು ಉದ್ಯಮವನ್ನು ಹಿಗ್ಗಿಸಿದ ಕಾಲದಲ್ಲಿ, ಹರಿಹರದಲ್ಲಿ 1941ರಲ್ಲಿ ಯಂತ್ರೋಪಕರಣಗಳ ಮೈಸೂರು ಕಿರ್ಲೋಸ್ಕರ್ ಕಂಪನಿಯೂ, ಪುಣೆಯ ಖಡ್ಕಿಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪನಿಯೂ ಸ್ಥಾಪನೆಯಾದವು.

ಆಯಿಲ್ ಎಂಜಿನ್ ಎಂಬ ಹೆಸರಿನಲ್ಲಿರುವ ಆಯಿಲ್ ಕೀಲೆಣ್ಣೆಯಲ್ಲ, ಉರಿಯುವ ಎಣ್ಣೆ. ಅಂದರೆ ಡೀಸೆಲಿನಂಥ ಇಂಧನದಿಂದ ನಡೆಯುವ ಎಂಜಿನ್ ಎಂದು ಅದರ ಅರ್ಥ. ಬಾವಿಯ ದಡದಲ್ಲಿ ಕೂತು ನೀರೆತ್ತುವ ಈ ಎಂಜಿನ್ನು ಒಂದು ಅಂಗುಲವೂ ಚಲಿಸುವುದಿಲ್ಲವಾದ್ದರಿಂದ ಅದರ ಎಣ್ಣೆಗೆ ಕಿಲೋಮೀಟರಿನ ಲೆಕ್ಕ ಸಾಧ್ಯವೇ ಇರಲಿಲ್ಲ, ಅದು ದುಡಿದ ಗಂಟೆಗಳನ್ನೇ ಎಣಿಸಬೇಕಿತ್ತು. ಕಿರ್ಲೋಸ್ಕರ್ ಎವಿ1 ಎಂಬ, ಒಂದೇ ಸಿಲಿಂಡರಿನ, ನಿಮಿಷಕ್ಕೆ 1500 ಸುತ್ತು ತಿರುಗುವ 5 ಅಶ್ವಶಕ್ತಿಯ ಎಂಜಿನ್ನು ಹೊಲಗಳಲ್ಲಿ ಮಾತ್ರವಲ್ಲದೆ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೂ ಮನೆಮಾತಾಗಿದೆ. ಪೂರ್ಣ ಹೊರೆಯಲ್ಲಿ ಇಂಥ ಎಂಜಿನ್ನು ಗಂಟೆಗೆ ಸುಮಾರು ಒಂದು ಲೀಟರು ಡೀಸೆಲನ್ನು ಉರಿಸುವುದರಿಂದ, ಗಂಟೆ ಎಣಿಸುವ ಮೀಟರು ಇಲ್ಲದ ಕಡೆಯೂ ಖಾಲಿಯಾದ ಡೀಸೆಲಿನ ಲೆಕ್ಕವೇ ಗಂಟೆಗಳ ಲೆಕ್ಕವಾಗಬಲ್ಲದಾಗಿತ್ತು. ಪುಣೆಯ ಕೋಥರೂಡಿನಲ್ಲಿ 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಎಂಬ ಹೆಸರಿನಲ್ಲಿ ಆರಂಭವಾದ, ಇಂದು ಕಮಿನ್ಸ್ ಇಂಡಿಯಾ ಎನಿಸಿಕೊಂಡಿರುವ ಕಾರ್ಖಾನೆಯ ದೊಡ್ಡ ಡೀಸೆಲ್ ಎಂಜಿನ್ನುಗಳಿಗೂ ಇದೇ ಗಂಟೆಯ ಲೆಕ್ಕ ಮುಂದುವರಿಯಿತು; ಡೀಸೆಲ್ ಜನರೇಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸುವುದು ಬಹುಕಾಲ ರೂಢಿಯಾಗಿತ್ತು.

ಎಣ್ಣೆಗೆ ವಯಸ್ಸಾಗುವುದೆಂದರೆ ಏನೆಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ಖನಿಜ ತೈಲ ತಾನಾಗಿ ಸವೆದುಹೋಗುವುದಿಲ್ಲ. ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಅದು ಮಂದವಾಗುತ್ತದೆ, ಉರಿಯ ಮಸಿಯನ್ನು ಹೊತ್ತು ಕಪ್ಪಾಗುತ್ತದೆ, ಇಂಧನದಲ್ಲಿರುವ ಗಂಧಕ ಉರಿದು ನೀರಾವಿಯೊಡನೆ ಸೇರಿ ಹುಟ್ಟುವ ಆಮ್ಲವನ್ನು ನುಂಗುತ್ತದೆ. ಈ ಆಮ್ಲವನ್ನು ತಟಸ್ಥಗೊಳಿಸಲು ಎಣ್ಣೆಗೆ ಕ್ಷಾರಗುಣದ ವಸ್ತುಗಳನ್ನೂ, ಮಸಿ ಗಂಟುಕಟ್ಟದಂತೆ ತೇಲಿಸಿಡಲು ಮಾರ್ಜಕಗಳನ್ನೂ ಸೇರಿಸುವ ಪದ್ಧತಿ 1930ರ ದಶಕದಿಂದ ಬೆಳೆಯಿತು. ಹೀಗಾಗಿ ಎಣ್ಣೆ ಬದಲಿಸುವುದೆಂದರೆ ಮುಖ್ಯವಾಗಿ ಖರ್ಚಾಗಿಹೋದ ಈ ಸೇರ್ಪಡೆಗಳನ್ನು ಮರಳಿ ತುಂಬುವುದು ಮತ್ತು ಸೇರಿಕೊಂಡ ಕೊಳೆಯನ್ನು ಹೊರಹಾಕುವುದು. ಮಾರ್ಜಕವಿರುವ ಎಣ್ಣೆ ಬೇಗ ಕಪ್ಪಾಗುವುದು ಅದು ತನ್ನ ಕೆಲಸ ಮಾಡುತ್ತಿರುವ ಗುರುತೇ ಹೊರತು ಕೆಟ್ಟಿತೆಂಬ ಗುರುತಲ್ಲ.

ಸ್ಕೂಟರು ಇನ್ನೊಂದು ಬಗೆಯ ಲೆಕ್ಕವನ್ನು ತಂದಿತು. ಪುಣೆಯ ಆಕುರ್ಡಿಯಲ್ಲಿ ನೆಲೆಯೂರಿದ ಬಜಾಜ್ ಕಂಪನಿ 1972ರಲ್ಲಿ ಹೊರತಂದ ಚೇತಕ್ ಎರಡು ಸ್ಟ್ರೋಕಿನ ಎಂಜಿನ್ನಿನದು. ಅಂದರೆ ಪಿಸ್ಟನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವಷ್ಟರಲ್ಲಿ ಒಂದು ಆವರ್ತನ ಮುಗಿಯುವ ಈ ಎಂಜಿನ್ನಿನಲ್ಲಿ, ಕಾರಿನಲ್ಲಿರುವಂತೆ ತಳದಲ್ಲಿ ಎಣ್ಣೆಯ ತೊಟ್ಟಿ ಇರುವುದಿಲ್ಲ. ಲೀಟರು ಪೆಟ್ರೋಲಿಗೆ ಸಾಮಾನ್ಯವಾಗಿ 20 ಮಿಲಿಲೀಟರು ಎಣ್ಣೆ ಬೆರೆಸಬೇಕಾಗಿತ್ತು, ಆ ಎಣ್ಣೆ ಬೇರಿಂಗುಗಳನ್ನು ನೆನೆಸುತ್ತ ಕೊನೆಗೆ ಪೆಟ್ರೋಲಿನೊಡನೆ ಉರಿದು ನೀಲಿ ಹೊಗೆಯಾಗಿ ಹೊರಬೀಳುತ್ತಿತ್ತು. ಇಲ್ಲಿ ಗೇರುಪೆಟ್ಟಿಗೆಯ ಎಣ್ಣೆಯನ್ನು ಬಿಟ್ಟರೆ ಬದಲಿಸುವ ಮಾತೇ ಇರಲಿಲ್ಲ, ಏಕೆಂದರೆ ಎಂಜಿನ್ನಿಗೆ ಪ್ರತಿ ಕ್ಷಣವೂ ಹೊಸ ಎಣ್ಣೆಯೇ ಸಿಗುತ್ತಿತ್ತು. ಅದರ ಬೆಲೆಯನ್ನು ನಗರದ ಗಾಳಿ ತೆರುತ್ತಿತ್ತು. ಹೊಗೆಯ ಮಿತಿಗಳು ಬಿಗಿಯಾದಂತೆ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು ಆ ಜಾಗಕ್ಕೆ ಬಂದವು, ಎಣ್ಣೆ ಮತ್ತೆ ತೊಟ್ಟಿಯಲ್ಲಿ ನಿಂತಿತು, ಸ್ಕೂಟರು ಬೈಕುಗಳೂ ಕಿಲೋಮೀಟರಿನ ಲೆಕ್ಕಕ್ಕೆ ಸೇರಿದವು.

ಕಿಲೋಮೀಟರಿನ ಲೆಕ್ಕ ಕಾರು ಲಾರಿಗಳೊಡನೆ ಬಂದುದು. ಪಿಂಪ್ರಿಯಲ್ಲಿ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟಾರ್ಸ್, 1966ರಲ್ಲಿ ಕಾರ್ಖಾನೆಯನ್ನು ತೆರೆಯಿತು. ಅದೇ ವರ್ಷ ಸ್ಥಾಪನೆಯಾದ ಭಾರತೀಯ ವಾಹನ ಸಂಶೋಧನಾ ಸಂಘ, ಎಆರ್‌ಎಐ, ಕೋಥರೂಡಿನ ಬಳಿಯ ವೇತಾಳ ಗುಡ್ಡದ ಮೇಲೆ ನೆಲೆಸಿ ವಾಹನ ಮತ್ತು ಎಂಜಿನ್ನುಗಳ ಪರೀಕ್ಷೆಗೆ ದೇಶದ ಪ್ರಮುಖ ಕೇಂದ್ರವಾಯಿತು. ವಾಹನದಲ್ಲಿ ದೂರಮಾಪಕ ಹೇಗೂ ಇರುವುದರಿಂದ ಎಣ್ಣೆಯ ವಯಸ್ಸನ್ನು ಅದರಿಂದಲೇ ಓದುವುದು ಸುಲಭವಾಯಿತು. ಆದರೆ ಕಿಲೋಮೀಟರು ಎರವಲು ಅಳತೆ. ಗಂಟೆಗೆ ಸರಾಸರಿ 40 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು 10,000 ಕಿಲೋಮೀಟರು ಮುಗಿಸುವ ಹೊತ್ತಿಗೆ ಅದರ ಎಂಜಿನ್ನು 250 ಗಂಟೆ ದುಡಿದಿರುತ್ತದೆ, ಅಂದರೆ ಜನರೇಟರಿನ ಹಳೆಯ ರೂಢಿಯ ಅಂಕಿಯೇ ಇಲ್ಲಿ ಬೇರೆ ವೇಷದಲ್ಲಿ ಕಾಣುತ್ತದೆ. ನಗರದ ದಟ್ಟಣೆಯಲ್ಲಿ ಸರಾಸರಿ ವೇಗ 20 ಕಿಲೋಮೀಟರಿಗೆ ಇಳಿದರೆ ಅಷ್ಟೇ ದೂರಕ್ಕೆ 500 ಗಂಟೆಗಳ ದುಡಿತ ಬೀಳುತ್ತದೆ. ಎಂಜಿನ್ನಿನ ದುಡಿತಕ್ಕೂ ಗಾಲಿಯ ಸುತ್ತಿಗೂ ಇರುವ ಸಂಬಂಧ ಹೀಗೆ ಮೊದಲಿನಿಂದಲೂ ಸಡಿಲವಾದುದೇ.

ಈ ನಡುವೆ ಇಂಧನವೂ ಬದಲಾಯಿತು. 1990ರ ದಶಕದ ಆರಂಭದವರೆಗೆ ಭಾರತದ ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಗಂಧಕಕ್ಕೆ ಅವಕಾಶವಿತ್ತು. ಹಿಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರಘುನಾಥ ಮಾಶೇಲ್ಕರ್ ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವಾಹನ ಇಂಧನ ನೀತಿಯ ವರದಿಯನ್ನು ಕೊಟ್ಟಿತು. ಭಾರತ್ ಸ್ಟೇಜ್ ಎಂಬ ಹೊಗೆಯ ಮಾನದಂಡಗಳ ನಾಲ್ಕನೆಯ ಹಂತ 2010ರಲ್ಲಿ ಮೊದಲು ಜಾರಿಯಾದ ನಗರಗಳಲ್ಲಿ ಪುಣೆಯೂ ಬೆಂಗಳೂರೂ ಇದ್ದವು. 2020ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಂದ ಆರನೆಯ ಹಂತದ ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಡೀಸೆಲಿನ ಗಂಧಕದ ಮಿತಿ ಹಿಂದಿನದರ ಸಾವಿರದಲ್ಲೊಂದು ಪಾಲಿಗೆ ಇಳಿದುದರಿಂದ ಎಣ್ಣೆ ಹೋರಾಡಬೇಕಾದ ಆಮ್ಲವೂ ಇಳಿಯಿತು, ಎಣ್ಣೆಯ ಗುಣಮಟ್ಟವೂ ಜೊತೆಗೇ ಏರಿತು. ಒಂದು ಕಾಲಕ್ಕೆ 5,000 ಕಿಲೋಮೀಟರಿಗೆ ಬದಲಿಸುತ್ತಿದ್ದ ಎಣ್ಣೆಯ ಅವಧಿ ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು, ಎಂದಾಗಲು ಇವೇ ಮುಖ್ಯ ಕಾರಣಗಳು.

ಹೈಬ್ರಿಡ್ ವಿಚಾರ ಪುಣೆಗೆ ಪರಕೀಯವಲ್ಲ. ಇಲ್ಲಿನ ಕೆಪಿಐಟಿ ಕಮಿನ್ಸ್ ಕಂಪನಿ, ಭಾರತ್ ಫೋರ್ಜ್ ಜೊತೆಗೂಡಿ, 2010ರಲ್ಲಿ ರೆವೊಲೊ ಎಂಬ ಜೋಡಣೆಯನ್ನು ಪ್ರಕಟಿಸಿತು. ಓಡುತ್ತಿರುವ ಸಾಮಾನ್ಯ ಕಾರಿಗೆ ಬ್ಯಾಟರಿಯನ್ನೂ ಮೋಟಾರನ್ನೂ ಸೇರಿಸಿ, ಬೆಲ್ಟಿನ ಮೂಲಕ ಎಂಜಿನ್ನಿನ ಹೊರೆಯಲ್ಲಿ ಪಾಲು ಹೊರಿಸುವುದು ಅದರ ಉದ್ದೇಶವಾಗಿತ್ತು. ಅದು ಜನಬಳಕೆಗೆ ಬೇರುಬಿಡಲಿಲ್ಲವಾದರೂ ಹೈಬ್ರಿಡ್ ಚಿಂತನೆ ಇಲ್ಲಿ ಎಷ್ಟು ಬೇಗ ಮೊಳೆತಿತ್ತೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ. ದೇಶದಲ್ಲಿ ಪೂರ್ಣ ಹೈಬ್ರಿಡ್ ಕಾರಿನ ತಯಾರಿಕೆ ನೆಲೆಗೊಂಡುದು ಕರ್ನಾಟಕದಲ್ಲಿ. ಕಿರ್ಲೋಸ್ಕರ್ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಅವರ ಪಾಲುದಾರಿಕೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್, ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡನ್ನೂ, 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್‌ಗಳನ್ನೂ ಹೊರತಂದಿತು. ಗುರ್ಲಹೊಸೂರಿನಿಂದ ಹೊರಟು ಖಡ್ಕಿಯಲ್ಲಿ ಎಂಜಿನ್ ಕಟ್ಟಿದ ಮನೆತನದ ಹೆಸರು, ಬೇಕಾದಾಗ ತಾನೇ ನಿಲ್ಲುವ ಎಂಜಿನ್ನಿನೊಡನೆ, ಹೀಗೆ ಕನ್ನಡ ನೆಲಕ್ಕೆ ಮರಳಿದೆ.

ನಿಲ್ಲುವ ಈ ಎಂಜಿನ್ನೇ ಎಣ್ಣೆಯ ಲೆಕ್ಕವನ್ನು ಕದಲಿಸುತ್ತದೆ. ಇಂಥ ಕಾರು ದೂರದಲ್ಲಿ ನೂರಕ್ಕೆ 40 ಪಾಲನ್ನೂ ಕಾಲದಲ್ಲಿ ನೂರಕ್ಕೆ 60 ಪಾಲನ್ನೂ ವಿದ್ಯುತ್ತಿನಿಂದಲೇ ಕ್ರಮಿಸಬಲ್ಲದೆಂದು ತಯಾರಕರು ಪರೀಕ್ಷೆಯೊಂದನ್ನು ಆಧರಿಸಿ ಹೇಳುತ್ತಾರೆ. ಅದನ್ನು ಹಾಗೆಯೇ ಒಪ್ಪಿಕೊಂಡರೆ, ನಗರದ 10,000 ಕಿಲೋಮೀಟರಿಗೆ 500 ಗಂಟೆ ದುಡಿಯಬೇಕಾಗಿದ್ದ ಎಂಜಿನ್ನು ಕೇವಲ 200 ಗಂಟೆ ದುಡಿದಿರುತ್ತದೆ. ಇಷ್ಟನ್ನೇ ನೋಡಿದವರಿಗೆ ಎಣ್ಣೆಯ ಅವಧಿಯನ್ನು ಎರಡು ಪಟ್ಟು ಮಾಡಬಹುದೆಂದು ತೋರುವುದು ಸಹಜ, ಆದರೆ ಆ 200 ಗಂಟೆಗಳು ತುಂಡುತುಂಡಾದವು ಮತ್ತು ತಣ್ಣಗಿನವು. ಒಂದು ಲೀಟರು ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರು ನೀರಿಗೆ ಸಮನಾದ ಆವಿ ಹುಟ್ಟುತ್ತದೆ. ಅದರ ಬಹುಪಾಲು ಹೊಗೆಯೊಡನೆ ಹೊರಹೋದರೂ ಪಿಸ್ಟನ್ನಿನ ಅಂಚಿನಿಂದ ನುಸುಳಿದ ಸ್ವಲ್ಪ ಪಾಲು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ, ಅದರ ಜೊತೆಗೆ ಉರಿಯದ ಪೆಟ್ರೋಲೂ ಇಳಿಯುತ್ತದೆ. ಎಂಜಿನ್ನು ದೀರ್ಘಕಾಲ ಓಡಿ ಎಣ್ಣೆ ಚೆನ್ನಾಗಿ ಕಾದಾಗ ಇವೆರಡೂ ಆವಿಯಾಗಿ ಹೋಗುತ್ತವೆ. ಕಾಯುವ ಮೊದಲೇ ಎಂಜಿನ್ನು ನಿಂತರೆ ಒಳಗೇ ಉಳಿದು, ಎಣ್ಣೆಯನ್ನು ತೆಳುವಾಗಿಸಿ, ಆಮ್ಲಕ್ಕೂ ಕೆಸರಿಗೂ ಎಡೆಮಾಡುತ್ತವೆ. ಎಂಜಿನ್ನು ನಿಂತು ಹೊರಡುವುದರ ಇನ್ನೊಂದು ತೊಂದರೆಗೆ ಪರಿಹಾರ ಯಂತ್ರದಲ್ಲೇ ಇದೆ: ಟೊಯೊಟಾ ಬಗೆಯ ಹೈಬ್ರಿಡ್‌ನಲ್ಲಿ ಬಲವಾದ ಮೋಟಾರು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1000 ಸುತ್ತಿನವರೆಗೆ ತಿರುಗಿಸಿದ ಮೇಲೆ ಇಂಧನ ಉರಿಯತೊಡಗುವುದರಿಂದ, ಪದೇಪದೇ ಚಾಲೂ ಆಗುವುದರಿಂದ ಬರುವ ಸವೆತ ಕಡಿಮೆ. ಬೇಗ ಹರಿದು ಮೇಲಿನ ಭಾಗಗಳನ್ನು ತಲುಪಲೆಂದು ಈ ಎಂಜಿನ್ನುಗಳಿಗೆ 0ಡಬ್ಲ್ಯು-16ರಂಥ ತೀರ ತೆಳುವಾದ ಎಣ್ಣೆಯನ್ನು ಹೇಳಿರುತ್ತಾರೆ. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿನ ಹರಿವನ್ನೂ ಮುಂದಿನದು ಬಿಸಿಯಲ್ಲಿನ ಸ್ನಿಗ್ಧತೆಯನ್ನೂ, ಅಂದರೆ ಮಂದತನವನ್ನೂ, ಸೂಚಿಸುತ್ತದೆ.

ಪುಣೆಯ ಬದುಕಿನ ಲಯ ಈ ಎರಡು ಬಗೆಯ ಓಟವನ್ನೂ ಒಳಗೊಂಡಿದೆ. ಕೋಥರೂಡಿನಿಂದ ಡೆಕ್ಕನ್ನಿಗೋ ಹಳೆಯ ಪೇಠೆಗಳಿಗೋ ಹೋಗಿಬರುವ ಕಾರಿನ ಎಂಜಿನ್ನು ಕಾದಂತೆಯೂ ಇಲ್ಲ, ತಣ್ಣಗಾದಂತೆಯೂ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ತೇವ ಅದಕ್ಕೆ ಸೇರುತ್ತದೆ. ಅದೇ ಕಾರು ಖಂಡಾಲಾ ಘಾಟಿನ ಮೂಲಕ ಮುಂಬೈಗೋ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹರಿಹರಗಳ ಹೆದ್ದಾರಿಯಲ್ಲಿ ಬೆಂಗಳೂರಿಗೋ ಹೊರಟರೆ ಎಂಜಿನ್ನು ಬಹುಪಾಲು ಹೊತ್ತು ದುಡಿದು ಎಣ್ಣೆ ಕಾದು, ಸೇರಿದ್ದ ತೇವ ಆರಿಹೋಗುತ್ತದೆ.

ಆದುದರಿಂದ ಹೈಬ್ರಿಡ್ ಕಾರಿನ ಎಣ್ಣೆಗೆ ಕೈಪಿಡಿಯಲ್ಲಿರುವ ಎರಡು ಅಂಕಿಗಳಲ್ಲಿ ಕಿಲೋಮೀಟರಿಗಿಂತ ತಿಂಗಳಿಗೆ ಹೆಚ್ಚು ತೂಕ ಬಂದಿದೆ. ವರ್ಷಕ್ಕೆ 4,000 ಕಿಲೋಮೀಟರೂ ಓಡದ ಕಾರಿನ ಎಣ್ಣೆಯನ್ನೂ ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು, ಸಣ್ಣ ಓಡಾಟ ಮತ್ತು ದೂಳಿನ ರಸ್ತೆಗಳೇ ಹೆಚ್ಚಾಗಿದ್ದರೆ ಕೈಪಿಡಿ ಕಠಿಣ ಬಳಕೆಗೆಂದು ಹೇಳುವ ಇನ್ನೂ ಚಿಕ್ಕ ಅವಧಿಯನ್ನು ಪಾಲಿಸಬೇಕು, ಹೇಳಿದ ದರ್ಜೆಗಿಂತ ದಪ್ಪ ಎಣ್ಣೆ ಹಾಕಬಾರದು. ಎಂಜಿನ್ನು ನಿಂತಿದ್ದರೂ ಎಣ್ಣೆಗೆ ವಯಸ್ಸಾಗುತ್ತಲೇ ಇರುತ್ತದೆ ಎಂಬುದು ಈ ಲೆಕ್ಕದ ತಿರುಳು. ಇಂಥ ವಾರ್ಷಿಕ ಲೆಕ್ಕ ಈ ನಾಡುಗಳಿಗೆ ಅಪರಿಚಿತವೂ ಅಲ್ಲ: ಕನ್ನಡಿಗರು ಆಯುಧಪೂಜೆ ಎಂದೂ ಮರಾಠಿಗರು ಖಂಡೇ ನವಮಿ ಎಂದೂ ಆಚರಿಸುವ ನವರಾತ್ರಿಯ ಒಂಬತ್ತನೆಯ ದಿನ ಮಳೆಗಾಲ ಮುಗಿಯುವ ಹೊತ್ತಿಗೇ ಬರುತ್ತದೆ, ಅಂದರೆ ವರ್ಷದ ತೇವವನ್ನೆಲ್ಲ ಎಣ್ಣೆ ಹೀರಿಕೊಂಡ ಮೇಲೆ. ದುಡಿದ ಉಪಕರಣವನ್ನು ವರ್ಷಕ್ಕೊಮ್ಮೆ ತೊಳೆದು, ಕೀಲಿಗೆ ಎಣ್ಣೆ ಕೊಟ್ಟು, ಮುಂದಿನ ವರ್ಷದ ದುಡಿತಕ್ಕೆ ಅಣಿಮಾಡುವ ಆ ದಿನದ ಆಸುಪಾಸಿನಲ್ಲೇ ಕಾರಿನ ಎಣ್ಣೆಯನ್ನೂ ಬದಲಿಸುವ ಮನೆ, ನೇಗಿಲಿನಿಂದ ಹೈಬ್ರಿಡ್‌ವರೆಗಿನ ಈ ಚರಿತ್ರೆಯ ಪಾಠವನ್ನು ಸರಿಯಾಗಿಯೇ ಪಾಲಿಸಿದಂತಾಗುತ್ತದೆ.