ಕನ್ನಡದಲ್ಲಿ ಜನಪ್ರಿಯ ವಿಜ್ಞಾನ ಬರೆಹ

ವಿಜ್ಞಾನ, ಆರೋಗ್ಯ, ಸಂಸ್ಕೃತಿಗಳಿಗೆ ಸಂಬಂಧಿಸಿದ ಕುತೂಹಲದ ಪ್ರಶ್ನೆಗಳನ್ನು ಎತ್ತಿಕೊಂಡು, ಆ ಶಾಸ್ತ್ರವನ್ನು ಓದಿರದವರಿಗೂ ತಿಳಿಯುವಂತೆ ವಿವರಿಸುವ ಸಾಹಿತ್ಯಪ್ರಕಾರ. ಇಂದಿನ ರೂಪದಲ್ಲಿ ಇದು 20ನೆಯ ಶತಮಾನದ ಬೆಳೆ. ಲೋಕಜ್ಞಾನವನ್ನು ಕನ್ನಡದಲ್ಲಿ ಹೇಳಬೇಕೆಂಬ ಹಂಬಲ ಮಾತ್ರ ಬಲು ಹಳೆಯದು. ಎರಡನೆಯ ಚಾವುಂಡರಾಯ ಸು. 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಂತರ್ಜಲದ ಗುರುತು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ ಎಲ್ಲವೂ ಇವೆ. 12ನೆಯ ಶತಮಾನದ ರಾಜಾದಿತ್ಯ ಗಣಿತವನ್ನೂ 14ನೆಯ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನೂ ಕನ್ನಡಕ್ಕೆ ತಂದರು. ಹೇಗೆ ಮಾಡಬೇಕೆಂದು ಇವು ವಿವರವಾಗಿ ಹೇಳುತ್ತವೆ; ಏಕೆ ಹಾಗಾಗುತ್ತದೆ ಎಂದು ಕೇಳುವುದು ಕಡಿಮೆ.

ಆ ಪ್ರಶ್ನೆಗೆ ಮುದ್ರಣದಲ್ಲಿ ನೆಲೆ ಸಿಕ್ಕಿದ್ದು 1918ರಲ್ಲಿ ಹೊರಟ ‘ವಿಜ್ಞಾನ’ ಮಾಸಪತ್ರಿಕೆಯಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅದನ್ನು ನಡೆಸಿದರು. ಪತ್ರಿಕೆ ಬಾಳಿದ್ದು ಸುಮಾರು ಎರಡು ವರ್ಷ. ಆದರೂ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ಅಧ್ಯಾಪಕರೇ ಸಂಜೆ ಕನ್ನಡದಲ್ಲಿ ಬರೆಯಲು ಕೂರುವ ಪರಂಪರೆ ಆರಂಭವಾದದ್ದು ಇಲ್ಲಿಂದಲೇ ಎನ್ನಬೇಕು. ಆರ್. ಎಲ್. ನರಸಿಂಹಯ್ಯ, ಜೆ. ಆರ್. ಲಕ್ಷ್ಮಣರಾವ್, ಜಿ. ಟಿ. ನಾರಾಯಣರಾವ್ ಮೂವರೂ ಅದೇ ಹಾದಿಯವರು.

ಶಿವರಾಮ ಕಾರಂತರು ಈ ಸಾಲಿಗೆ ಸೇರುವುದಿಲ್ಲ. ಅಸಹಕಾರ ಚಳವಳಿಯಲ್ಲಿ ಕಾಲೇಜು ಬಿಟ್ಟ ಅವರು ಯಾವ ಪದವಿಯ ನೆರವೂ ಇಲ್ಲದೆ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ತಾವೇ ಓದಿ ಕಲಿತದ್ದನ್ನು ಹೇಳುವಾಗ ಕಲಿಯುವವನಿಗೆ ಎಲ್ಲಿ ತೊಡಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಒಬ್ಬ ಲೇಖಕ ಹೊತ್ತ ಇಷ್ಟು ದೊಡ್ಡ ಹೊರೆಗೆ ಕನ್ನಡದಲ್ಲಿ ಸಾಟಿಯಿಲ್ಲ.

1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ಇಂಥ ಓದನ್ನು ಮನೆಮನೆಗೆ ಮುಟ್ಟಿಸಿತು. ಅದನ್ನು ಬೆಳೆಸಿದ ಪಾ. ವೆಂ. ಆಚಾರ್ಯರು ಪ್ರಾಣಿಲೋಕ, ಇತಿಹಾಸ, ಪದಗಳ ಮೂಲ ಎಲ್ಲವನ್ನೂ ಒಂದೇ ಆಸ್ಥೆಯಿಂದ ಕಂಡವರು.

ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ ಕೈಯಲ್ಲಿ ಈ ಪ್ರಕಾರ ಸಾಹಿತ್ಯದ ಎತ್ತರಕ್ಕೇರಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಅವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಕೃತಿಯ ವಿಷಯ ಇನ್ನೂ ಹತ್ತಿರದ್ದು. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ನಮ್ಮ ನೆಲದವಲ್ಲ. ಕೊಲಂಬಸನ ಯಾನದ ನಂತರ ಅಮೆರಿಕ ಖಂಡಗಳಿಂದ ಹೊರಟು, ಬಹುಮಟ್ಟಿಗೆ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದವು. ಚಾವುಂಡರಾಯನ ಅಡುಗೆಯ ಅಧ್ಯಾಯದ ಕಾಲಕ್ಕೆ ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿಯಂಥವು. ದಿನವೂ ಉಣ್ಣುವ ಸಾರಿನಿಂದಲೇ ಸಸ್ಯಶಾಸ್ತ್ರ, ಸಮುದ್ರಯಾನ, ಸಂಸ್ಕೃತಿಗಳ ಚರಿತ್ರೆ ಹೊರಡಿಸಬಹುದೆಂದು ತೋರಿಸಿದ ಈ ಬಗೆಯೇ ಕನ್ನಡ ಜನಪ್ರಿಯ ವಿಜ್ಞಾನದ ನಿಜವಾದ ಸಂಪತ್ತು. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ‘ಪರಿಸರದ ಕತೆ’ಯಲ್ಲಿ ಮೂಡಿಗೆರೆಯ ಸುತ್ತಣ ಕಾಡು, ಹಕ್ಕಿ, ನಾಯಿ, ನೆರೆಹೊರೆಯವರನ್ನು ಇದೇ ಆತ್ಮೀಯತೆಯಿಂದ ಬರೆದರು.

ಆರೋಗ್ಯದ ಬರೆಹಕ್ಕೆ ವೈದ್ಯರೇ ಮುಂದಾದರು. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಮನೋರೋಗಗಳನ್ನು ಕುರಿತ ‘ಮನಮಂಥನ’ಕ್ಕೆ 1976ರ ಅಕಾಡೆಮಿ ಪ್ರಶಸ್ತಿ ಪಡೆದರು. ಡಾ. ಅನುಪಮಾ ನಿರಂಜನರ ‘ತಾಯಿ ಮಗು’, ‘ಕೇಳು ಕಿಶೋರಿ’ ಕೃತಿಗಳು ಬಸಿರು, ಬಾಣಂತನ, ಹರೆಯದ ದೇಹ ಇವುಗಳ ಬಗ್ಗೆ ಮನೆಯಲ್ಲಿ ಯಾರನ್ನೂ ಕೇಳಲಾಗದ ಹೆಣ್ಣುಮಕ್ಕಳಿಗೆ ನೇರ ಉತ್ತರ ಕೊಟ್ಟವು. ಪ್ರಶಸ್ತಿಗಳ ಲೆಕ್ಕದಲ್ಲಿ ಇವು ಕಾಣದಿರಬಹುದು, ಬದುಕಿಗೆ ಮಾಡಿದ ಉಪಕಾರದಲ್ಲಿ ಯಾವ ಗ್ರಂಥಕ್ಕೂ ಕಡಿಮೆಯಲ್ಲ.

ಸಂಸ್ಥೆಗಳ ದುಡಿಮೆಯೂ ಜೊತೆಗಿತ್ತು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ಉಪನ್ಯಾಸಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಕಾದಂಬರಿಕಾರ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. ‘ಬಾಲವಿಜ್ಞಾನ’ ಮಾಸಪತ್ರಿಕೆ 1978ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿದವು. ದಿನಪತ್ರಿಕೆಯ ಅಂಕಣದಲ್ಲಿ ಪರಿಸರದ ಪ್ರಶ್ನೆಗಳನ್ನು ಬಿಡದೆ ಎತ್ತಿದವರು ‘ಪ್ರಜಾವಾಣಿ’ಯ ನಾಗೇಶ ಹೆಗಡೆ.

ಈ ಎಲ್ಲದರ ನಡುವೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನಿಧಾನವಾಗಿ ಬೆಳೆಯಿತು. ಅದರ ವಿಜ್ಞಾನ ವಿಭಾಗದಲ್ಲಿ ಜಿ. ಟಿ. ನಾರಾಯಣರಾಯರು ಸಂಪಾದಕರಾಗಿ ದುಡಿದರು. ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. 2014ರಲ್ಲಿ ವಿಶ್ವವಿದ್ಯಾನಿಲಯವು ಅದರ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಬೆಳೆಸಬಹುದು.